ಅವರಿಲ್ಲದಿದ್ದರೆ ಏನಾಗುತ್ತದೆ?

"ದಯವಿಟ್ಟು ನೀವು ಆಚೆ ಇರ್ತೀರಾ?"

ನಾನು ಅವರಿಗೆ ಹೇಳಿದ ಮೊದಲ ಮಾತೇ ಅದು. ಪಾಪ, ನನಗೆಂದೇ ಕುರ್ಚಿ ಒರೆಸುತ್ತಿದ್ದರು. ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು.

"ನಮ್ಮ ಸಭೆಯಿಂದ ನನ್ನನ್ನೇ ಆಚೆ ಹಾಕ್ತಿದ್ದೀರಲ್ರೀ!"

"ಕಾರ್ಯಕ್ರಮ ನಡೆಸೋರು ಎದುರಿಗಿದ್ರೆ ಜನ ಬಾಯಿ ಬಿಡಲ್ಲ. ನಮ್ಮ ನಿಯಮ."

"ಕಿಟಕಿ ಹತ್ರ ನಿಲ್ಲಲಾ?"

"ಕಿಟಕೀನೂ ಬೇಡ."

ಅವರು ನಕ್ಕರು. ನಗುವಾಗ ಒಂದೇ ಹುಬ್ಬು ಮೇಲೇರಿತು. ಇನ್ನೊಂದು ಯಾಕೆ ಏರಲ್ಲ ಎಂದು ನೋಡುತ್ತಾ ನಿಂತೆ. ನನ್ನ ಮೊದಲ ಪ್ರಶ್ನೆ ಮರೆತೇ ಹೋಯಿತು.

ನನ್ನ ಕೆಲಸವೇ ಕೆದಕುವುದು. ಒಂದು ಅಂತಾರಾಷ್ಟ್ರೀಯ ಸಂಸ್ಥೆ ಪ್ರಜಾಪ್ರಭುತ್ವ, ಮಾನವ ಹಕ್ಕು ಎಂದು ದೇಶದೇಶಗಳಲ್ಲಿ ಕಾರ್ಯಕ್ರಮ ನಡೆಸುತ್ತದೆ. ಅದರಿಂದ ನಿಜಕ್ಕೂ ಏನಾದರೂ ಬದಲಾಯಿತೇ ಎಂದು ನೋಡಿ ವರದಿ ಕೊಡುವವಳು ನಾನು. ಇಲ್ಲಿ ಅದನ್ನು ನಡೆಸುತ್ತಿದ್ದ ಅವರು, ಎಲ್ಲರ ಬಾಯಲ್ಲೂ 'ಸರ್', ಬಡಾವಣೆಯ ಹೆಂಗಸರಿಗೆ ಸಭೆ ನಡೆಸುವುದನ್ನು, ನಗರಸಭೆಯವರನ್ನು ಕರೆಸಿ ಪ್ರಶ್ನೆ ಕೇಳುವುದನ್ನು ಕಲಿಸುತ್ತಿದ್ದರು. ನನ್ನ ವರದಿ ವಿರುದ್ಧವಾಗಿ ಬಂದರೆ ಕಾರ್ಯಕ್ರಮಕ್ಕೆ ಬೀಗ.

ಎಲ್ಲರಿಗೂ ಕೊನೆಗೆ ಒಂದೇ ಪ್ರಶ್ನೆ ಹಾಕುತ್ತೇನೆ. "ಇದು ಇಲ್ಲದಿದ್ರೆ ಏನಾಗ್ತಿತ್ತು?"

"ನಲ್ಲೀಲಿ ಕೆಸರು ಬರ್ತಾನೇ ಇರ್ತಿತ್ತು," ಎಂದರು ಬಟ್ಟೆ ಹೊಲಿಯುವ ಅಕ್ಕ. "ಕೇಳೋಕೆ ನಮಗೆಲ್ಲಿತ್ತು ಬಾಯಿ?"

"ಇನ್ಮುಂದೆ ಸರ್ ಇಲ್ಲದಿದ್ರೆ?"

ಅಕ್ಕನ ಮುಖ ಇಳಿಯಿತು. "ಅಯ್ಯೋ, ಅವರಿಲ್ಲದೆ ಸಭೆ ಎಲ್ಲಿಂದ ಬಂತು? ಯಾರು ಮಾತಾಡಿದ್ರೂ ಪೂರ್ತಿ ಕೇಳ್ತಾರೆ. ನಮ್ಮ ಮನೆಯವರೂ ನನ್ನ ಮಾತು ಹಾಗೆ ಕೇಳಿಲ್ಲಮ್ಮ!"

ಒಬ್ಬೊಬ್ಬರೂ ಅದನ್ನೇ ಹೇಳಿದರು. ಕೇಳುತ್ತಾ ಕೇಳುತ್ತಾ, ಅವರೆದುರು ಕೂತು ನಾನೂ ಮಾತಾಡಬೇಕು ಅನ್ನಿಸಿಬಿಟ್ಟಿತು.

ಸಂಜೆ ಟೀ ಕುಡಿಯುವಾಗ ಅವರು ಕೇಳಿದರು. "ಏನಂದ್ರು ಒಳಗೆ?"

"ಹೇಳೋ ಹಾಗಿಲ್ಲ."

"ಒಂಚೂರು?"

"ಊಹೂಂ."

"ಸರಿ, ನಿಮ್ಮ ಬಗ್ಗೆ ಕೇಳಬಹುದಾ? ಅದಕ್ಕೂ ನಿಯಮ ಇದ್ಯಾ?"

ನನ್ನ ಟೀ ಆರಿ ತಣ್ಣಗಾಗುವವರೆಗೂ ಮಾತಾಡಿದೆ. ಅವರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.

"ಏನೇ, ಆ ಹುಬ್ಬಿನ ವಿಷ್ಯ ಇನ್ನೆಷ್ಟು ಸಲ ಹೇಳ್ತೀಯಾ?" ಎಂದು ರಾತ್ರಿ ನನ್ನ ಸ್ವಂತ ಅಕ್ಕ ಫೋನಿನಲ್ಲೇ ಕಾಲೆಳೆದಳು.

"ಸುಮ್ನಿರೇ!"

ವರದಿ ಬರೆಯಲು ಕೂತಾಗ ಮಾತ್ರ ಒಂದು ವಿಷಯ ಹೊಳೆಯಿತು. ನಾನು ಯಾವುದಕ್ಕೆ ಮನಸೋತಿದ್ದೆನೋ ಅದೇ ಈ ಕಾರ್ಯಕ್ರಮದ ದೊಡ್ಡ ಕೊರತೆ. ಅವರು ಎದ್ದು ಹೋದರೆ ಸಭೆಯೂ ಎದ್ದು ಹೋಗುತ್ತದೆ. ಬರೆಯದೆ ಬಿಟ್ಟುಬಿಡಲೇ? ಆದರೆ ಮತ್ತೆ ಕೆಸರು ನೀರು ಬಂದರೆ ಕುಡಿಯಬೇಕಾದವರು ಆ ಹೊಲಿಗೆ ಅಕ್ಕ ತಾನೇ? ಹಲ್ಲು ಕಚ್ಚಿ ಬರೆದೆ: "ಈ ಕಾರ್ಯಕ್ರಮ ಒಬ್ಬರ ಮೇಲೇ ನಿಂತಿದೆ." ತಪ್ಪಿದ್ದರೆ ತಿದ್ದಲಿ ಎಂದು ಕರಡನ್ನು ಅವರಿಗೂ ಕಳುಹಿಸುವುದು ವಾಡಿಕೆ. ಕಳುಹಿಸಿ, ಮುಸುಕೆಳೆದು ಅತ್ತೆ.

ಉತ್ತರ ಬರಲಿಲ್ಲ. ಕೊನೆಗೊಂದು ಬೆಳಗ್ಗೆ ಫೋನ್ ಬಂತು. "ಇವತ್ತು ಸಭೆ ಇದೆ. ಬನ್ನಿ."

ಹೋಗಿ ನೋಡಿದರೆ ಅವರು ಆಚೆ, ಮೆಟ್ಟಿಲ ಮೇಲೆ ಕೂತಿದ್ದಾರೆ! ಒಳಗಿನಿಂದ ಹೊಲಿಗೆ ಅಕ್ಕನ ದನಿ ಕೇಳಿಸಿತು. "ಇಂಜಿನಿಯರ್ ಸಾಹೇಬ್ರೇ, ಮಾತು ತೇಲಿಸಬೇಡಿ. ಪೈಪು ಯಾವಾಗ ಹಾಕಿಸ್ತೀರಾ, ಅದನ್ನ ಹೇಳಿ."

"ನಾನು ಎದ್ದು ಬಂದಿದ್ದು ಯಾರಿಗೂ ಗೊತ್ತೇ ಆಗ್ಲಿಲ್ಲ ಕಣ್ರೀ," ಎಂದರು. ದನಿಯಲ್ಲಿ ಖುಷಿಯೂ ಇತ್ತು, ಸಂಕಟವೂ ಇತ್ತು.

"ನನ್ನ ಮೇಲೆ ಕೋಪ ಬಂತಾ?"

"ಬಾರದೆ ಇರುತ್ತಾ? ಮನಸ್ಸಲ್ಲೇ ಚೆನ್ನಾಗಿ ಬೈದೆ. ಆಮೇಲೆ ನೀವು ಬರೆದದ್ದು ನಿಜ ಅನ್ನಿಸ್ತು. ಅವತ್ತಿಂದ ಸಭೆ ನಡೆಸೋದನ್ನ ಅವರಿಗೇ ಬಿಟ್ಟೆ."

ಕಂಡದ್ದನ್ನೂ ಸೇರಿಸಿ ವರದಿ ಒಪ್ಪಿಸಿದೆ. ಕಾರ್ಯಕ್ರಮ ಉಳಿಯಿತು, ಇನ್ನು ಮುಂದೆ ನಡೆಸುವವರು ಆ ಹೆಂಗಸರೇ ಎಂದಾಯಿತು. ಸುದ್ದಿ ಹೇಳಲು ಹೋದರೆ ಅವರು ಅದೇ ಮೆಟ್ಟಿಲ ಮೇಲಿದ್ದರು.

"ನಿಮ್ಮ ಕೆಲಸ ಮುಗೀತಲ್ಲ, ಈಗ ನಿಯಮ ಇಲ್ಲ ತಾನೇ?"

"ಇಲ್ಲ."

"ಹಾಗಾದ್ರೆ ಪ್ರಶ್ನೆ ನನ್ನದು. ನಾನಿಲ್ಲದಿದ್ರೆ ಏನಾಗುತ್ತೆ?"

"ಸಭೆ ನಡೆಯುತ್ತೆ."

"ಸಭೆ ವಿಷ್ಯ ಬಿಡಿ. ನಿಮಗೆ?"

ಊರಿಗೆಲ್ಲ ಈ ಪ್ರಶ್ನೆ ಹಾಕಿದವಳು ನಾನೇ. ಹೋಗಿ ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ನನ್ನ ಮನಸ್ಸು ಮಾತ್ರ," ಎಂದೆ, "ಒಬ್ಬರ ಮೇಲೇ ನಿಂತಿದೆ."

ಅವತ್ತು ಎರಡು ಹುಬ್ಬೂ ಮೇಲೇರಿದವು.