ಸಿಲಿಂಡರಿನ ಮೇಲಿನ ಹಳದಿ ಗೆರೆ

ಬೆಳಿಗ್ಗೆ 8.10ಕ್ಕೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ವಿಮಾನ ಸಂಸ್ಥೆಯ ಭದ್ರತಾಧಿಕಾರಿಯ ದೂರು ಬಂತು. ಏರ್ ರೈಫಲಿನ ಎರಡು ಗಾಳಿ ಸಿಲಿಂಡರುಗಳೂ ವಿಮಾನದ ನಿಯಮದಂತೆ ಖಾಲಿ ಇವೆಯೆಂದು ಸಹಿ ಹಾಕಿಕೊಟ್ಟಿದ್ದ ಪ್ರಯಾಣಿಕಳೊಬ್ಬಳ ಪೆಟ್ಟಿಗೆಯಲ್ಲಿ ಒಂದು ಸಿಲಿಂಡರ್ ಭರ್ತಿಯಾಗಿ ಸಿಕ್ಕಿತ್ತು. ಎಫ್‌ಐಆರ್ ದಾಖಲಾಯಿತು.

ಹತ್ತೊಂಬತ್ತರ ಹುಡುಗಿ. ಮರುದಿನವೇ ಬೇರೆ ಊರಿನಲ್ಲಿ ಶೂಟಿಂಗ್ ಆಯ್ಕೆ ಸ್ಪರ್ಧೆ. ಕೇಸು ಸಾಬೀತಾದರೆ ಸ್ಪರ್ಧೆಗಳಿಂದ ಎರಡು ವರ್ಷ ನಿಷೇಧ. ನಡುಕ ಕಾಣದಿರಲೆಂದು ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದಳು.

"ಗುರಿಗಾರ್ತಿ ಕೈಯೇ ಹಿಂಗೆ ನಡುಗಿದ್ರೆ ಗುಂಡು ನನ್ನ ಟೀ ಲೋಟಕ್ಕೇ ಬೀಳುತ್ತೆ ಕಣಮ್ಮ" ಎಂದ ಮುದಿ ಹೆಡ್ ಕಾನ್‌ಸ್ಟೆಬಲ್. ಅವಳು ನಗಲಿಲ್ಲ. ನಿನ್ನೆ ಸಂಜೆ ಎರಡೂ ಸಿಲಿಂಡರುಗಳ ಗಾಳಿಯನ್ನು ತಾನೇ ಬಿಟ್ಟೆ, ಬುಸುಗುಟ್ಟುವುದು ನಿಲ್ಲುವ ತನಕ ಕಿವಿಗೊಟ್ಟು ಕೇಳಿದೆ ಎಂದಳು.

8.50ಕ್ಕೆ ಪಂಚನಾಮೆ. ಒಂದು ಸಿಲಿಂಡರ್ ಖಾಲಿ, ಒಂದು ಭರ್ತಿ. ಭರ್ತಿಯಿದ್ದುದರ ಕತ್ತಿನಲ್ಲಿ, ತಿರುಪು ಕೂಡುವ ಕಡೆ, ತೆಳುವಾದ ಹಳದಿ ಗೆರೆ. ನಿನ್ನೆ ಅದು ಇರಲಿಲ್ಲವೆಂದಳು. ಇನ್‌ಸ್ಪೆಕ್ಟರ್ ಅಂಥ ಗೆರೆಗಳನ್ನು ವಿಮಾನದ ಚಕ್ರಗಳಲ್ಲಿ ಕಂಡಿದ್ದರು. ನಟ್ಟು ಬಿಗಿದ ಮೆಕ್ಯಾನಿಕ್ ಮೇಲೊಂದು ಗೆರೆ ಎಳೆಯುತ್ತಾನೆ. ನಟ್ಟು ಸಡಿಲಾದರೆ ಗೆರೆ ತುಂಡಾಗಿ ಕಾಣುತ್ತದೆ.

"ಮನೇಲಿ ಯಾರು, ಏನು ಕೆಲಸ?"

"ಅಪ್ಪ ಒಬ್ರೇ. ಇಲ್ಲೇ... ವಿಮಾನ ರಿಪೇರಿ."

9.30ಕ್ಕೆ ಹ್ಯಾಂಗರಿನಿಂದ ಅಪ್ಪನನ್ನು ಕರೆತಂದರು. ಜೇಬಿನಲ್ಲಿ ಹಳದಿ ಮಾರ್ಕರ್.

"ಗಾಳಿ ತುಂಬಿದ್ದು ಯಾರು?" ಎಂದರು ಇನ್‌ಸ್ಪೆಕ್ಟರ್.

"ನಾನೇ ಸಾರ್. ಬೆಳಿಗ್ಗೆ, ಕೈಪಂಪಲ್ಲಿ. ಇವಳನ್ನ ಮನೆಗೆ ವಾಪಸ್ ಕಳಿಸ್ತಾರೆ, ಅಷ್ಟೇ ಅಂದ್ಕೊಂಡೆ."

"ಗೆರೆ ಯಾಕೆ ಎಳೆದ್ರಿ?"

ಅವನು ತನ್ನ ಕೈಯನ್ನೇ ನೋಡಿಕೊಂಡ. ಅಭ್ಯಾಸದ ಕೈ ಎಳೆದದ್ದು ಅವನಿಗೇ ಗೊತ್ತಿರಲಿಲ್ಲ.

ಗಾಳಿ ತುಂಬಿದ ಕಾರಣವನ್ನು ಮಗಳತ್ತ ನೋಡದೆ ಹೇಳಿದ. ಹೋದ ತಿಂಗಳು ಒಂದು ಎಂಜಿನ್ನಿನೊಳಗೆ ತನ್ನ ಟಾರ್ಚ್ ಮರೆತಿದ್ದ. ವಿಮಾನ ಹೊರಡುವ ಮುಂಚೆ ಇನ್ನೊಬ್ಬ ಮೆಕ್ಯಾನಿಕ್‌ನ ಕಣ್ಣಿಗೆ ಬಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಅಂದಿನಿಂದ ಯಾವ ವಿಮಾನ ಏರಿದರೂ ಅದು ಕಣ್ಮರೆಯಾಗುವ ತನಕ ನೋಡುತ್ತ ನಿಲ್ಲುತ್ತಿದ್ದ.

"ಇವಳು ಕೂರೋ ವಿಮಾನಾನೂ ನನ್ನಂಥವನೇ ಅಲ್ವಾ ಸಾರ್ ರಿಪೇರಿ ಮಾಡಿರೋದು?"

10.20ಕ್ಕೆ ಅಪ್ಪನ ಬಂಧನ. ಟಾರ್ಚಿನ ವಿಷಯ ಲಿಖಿತವಾಗಿ ಸಂಸ್ಥೆಗೆ ಹೋಯಿತು. ಮಗಳು ಸಾಕ್ಷಿಯಾದಳು, ರೈಫಲನ್ನೂ ಖಾಲಿ ಸಿಲಿಂಡರನ್ನೂ ಅವಳಿಗೆ ಕೊಟ್ಟರು.

"ಹೋಗಿ ಬರ್ಲಾ ಅಪ್ಪ?"

ಅವಳು ಪೆಟ್ಟಿಗೆ ಎತ್ತಿಕೊಂಡಳು.

11.40ಕ್ಕೆ ಅವಳ ವಿಮಾನ ಏರಿದಾಗ ಠಾಣೆಯ ಕಿಟಕಿಗಳು ಅದುರಿದವು. ಲಾಕಪ್ಪಿನಲ್ಲಿ ಅವನು ಕಣ್ಣು ಮುಚ್ಚಿ, ಬೆರಳು ಮಡಿಸುತ್ತ, ತನ್ನ ಉಪಕರಣಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದ: ಸ್ಪ್ಯಾನರ್, ಇಕ್ಕಳ, ಕನ್ನಡಿ, ಟಾರ್ಚ್. ಮುಗಿದೊಡನೆ ಮತ್ತೆ ಮೊದಲಿನಿಂದ.