ಪೊಳ್ಳು ಕಾಲಿನ ಮಂಚ

"ಮಂಚದ ಕಾಲು ಪೊಳ್ಳು ಮಾಡಬ್ಯಾಡ, ಬೊಮ್ಮಯ್ಯ," ಅಂದ ಕದರಾಚಾರಿ. "ಅದರಾಗ ಇಟ್ಟಿದ್ದು ಹೆಸರು ಕೇಳಂಗಿಲ್ಲ. ಮೊದಲು ಯಾರು ಮೈ ಚಾಚ್ತಾರೋ ಅವರನ್ನ ಹಿಡಿತೈತಿ."

ಬೊಮ್ಮಯ್ಯ ಹಲಗೆಯ ಮೇಲಿನ ಮರದ ಹೊಟ್ಟು ಊದಿ ನಕ್ಕ. "ಹುಬ್ಬಳ್ಳಿ ಕಾರ್ಖಾನ್ಯಾಗ ಆರು ವರ್ಷ ರೈಲು ಡಬ್ಬಿ ಮಾಡೀನಿ, ಮಾವ. ಯಾವ ದೆವ್ವನೂ ಟಿಕೀಟು ತಗೊಂಡು ಹತ್ತಿದ್ದು ನೋಡಿಲ್ಲ."

ಕದರಾಚಾರಿ ಅವನಿಗೆ ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಹೌದು. ರಾಯದುರ್ಗದ ಕೋಟೆಬೆಟ್ಟದ ಬುಡದಲ್ಲಿದ್ದ ಅವನ ಮರಗೆಲಸದ ಕೊಟ್ಟಿಗೆಯಲ್ಲಿ ಕಬ್ಬಿಣದ ಮೊಳೆ ಮುಟ್ಟುತ್ತಿರಲಿಲ್ಲ. ಮರಕ್ಕೆ ಮರ ಕೂಡಿಸಿ, ಬಿದಿರಿನ ಗೂಟ ಬಡಿದರೆ ಮೂರು ತಲೆಮಾರು ಅಲುಗುತ್ತಿರಲಿಲ್ಲ. ಬಳ್ಳಾರಿಯ ಕಚೇರಿಗೂ ಅಲ್ಲಿಂದಲೇ ಕುರ್ಚಿ ಹೋಗುತ್ತಿದ್ದವು. ಆ ಶನಿವಾರ ಬೆಳಗ್ಗೆ ಆಚಾರಿ ಗಾಡಿ ಹತ್ತಿ ನೇಮಕಲ್ಲಿನ ಆಂಜನೇಯನಿಗೆ ಹೊರಟ. ಹೋಗುವಾಗಲೂ ಬೇಡವೆಂದೇ ಹೇಳಿ ಹೋದ.

ಪೊಳ್ಳು ಕಾಲು ಕೇಳಿದ್ದವಳು ಭೈರವಾನಿತಿಪ್ಪದ ಕಡೆಯ ದೊಡ್ಡ ಮನೆಯ ಜುಂಜಮ್ಮ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಮಕ್ಕಳಿಲ್ಲ. ಗಂಡ ಇನ್ನೊಬ್ಬಳನ್ನು ತರುವವನಿದ್ದ. ಬರುವ ಸವತಿಗೆ ಮಂಚ ಮಾಡಿಸಿದವಳು ಇವಳೇ. ಒಂದು ಕಾಲಿನಲ್ಲಿ ಮುಷ್ಟಿಗಾತ್ರದ ಪೊಳ್ಳು ಬೇಕು, ಅದರ ಮುಚ್ಚಳ ಯಾರ ಕಣ್ಣಿಗೂ ಬೀಳಬಾರದು.

ಅಂದು ಮಧ್ಯಾಹ್ನವೇ ಅವಳು ಬಂದಳು. "ನಿಮ್ಮ ಮಾವ ಆಗಂಗಿಲ್ಲ ಅಂದ. ನಿನ್ನ ಕೈಲೆ ಆಗ್ತೈತೋ ಇಲ್ಲೋ?"

ಆ ಮಾತು ಬೊಮ್ಮಯ್ಯನಿಗೆ ಚುಚ್ಚಿತು. ಬೈರಿಗೆ ಹಾಕಿ ಕಾಲು ಕೊರೆದ. ಅದೇ ಹೊನ್ನೆಯ ತುಂಡಿನಿಂದ ಮುಚ್ಚಳ ಕೆತ್ತಿ, ಗೆರೆಗೆ ಗೆರೆ ಕೂಡಿಸಿದ. ಜುಂಜಮ್ಮ ಮಡಿಲಿನಿಂದ ಕಪ್ಪು ಬಟ್ಟೆಯ ಗಂಟು ತೆಗೆದು ಒಳಗಿಟ್ಟಳು. ಸುಟ್ಟ ಕೂದಲ ವಾಸನೆ, ಅದರ ಹಿಂದೆಯೇ ಕೊಳೆತ ಮಾಂಸದ್ದು.

"ಏನ್ರಿ ಅಮ್ಮಾರ ಇದು?"

ಅವಳು ಮುಚ್ಚಳ ಎತ್ತಿ ಅವನ ಕೈಗಿಟ್ಟಳು. ಅವನು ಅಂಟು ಹಾಕಿ ಮುಚ್ಚಿ, ಉಜ್ಜಿ, ಅರಗು ಬಳಿದ. ಮಂಚವನ್ನು ಎರಡು ಸುತ್ತು ತಿರುಗಿಸಿ ನಿಲ್ಲಿಸಿ, "ಈಗ ಹುಡುಕ್ರಿ," ಅಂದ. ಅವಳಿಗೆ ಸಿಗಲಿಲ್ಲ. ಅವನು ಹಿಗ್ಗಿದ.

"ನಾಳೆ ಗಾಡಿ ತರ್ತೀನಿ. ಅಲ್ಲೀತನ ಯಾರೂ ಮಲಗಬಾರ್ದು," ಅಂದು ಅವಳು ಹೋದಳು. ಬೈದಾಳೆಂದು ಬೊಮ್ಮಯ್ಯ ಹೆಂಡತಿ ಕಾಟಮ್ಮನಿಗೆ ಏನೂ ಹೇಳಲಿಲ್ಲ.

ಮರುದಿನ ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದಾಗ ಅವನು ಬಾವಿಗೆ ಸ್ನಾನಕ್ಕೆ ಹೋದ. ಏಳು ತಿಂಗಳ ಬಸುರಿ ಕಾಟಮ್ಮ ರಾಗಿ ಬೀಸಿ ಸೋತು, ಕೊಟ್ಟಿಗೆಯ ತಂಪಿಗೆ ಬಂದು, ಹೊಸ ಮಂಚದ ಮೇಲೆ ಅಡ್ಡಾದಳು.

ಅವನು ಹಿಂದಿರುಗಿದಾಗ ಆ ವಾಸನೆ ಬಾಗಿಲಲ್ಲೇ ಮುಖಕ್ಕೆ ಹೊಡೆಯಿತು. ಒಳಗೆ ಕತ್ತಲು. ಹೊರಗಿನ ಬಿಸಿಲು ಹೊಸ್ತಿಲು ದಾಟಿರಲಿಲ್ಲ. ಕಾಟಮ್ಮನ ಕಣ್ಣು ತೆರೆದಿದ್ದವು. ತುಟಿ ಅಲುಗುತ್ತಿತ್ತು, ದನಿಯಿಲ್ಲ. ಎತ್ತಲು ಹೋದ. ನೀರು ಕುಡಿದ ದಿಮ್ಮಿಯಂತೆ ಭಾರ. ಎರಡು ಕೈ ಹಾಕಿ ಎಳೆದ. ಕದಲಲಿಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟ. ಕೂಸು ಒದೆಯುತ್ತಿಲ್ಲ.

ಮರದೊಳಗೆ ಏನೋ ಕೊರೆಯುತ್ತಿತ್ತು. ಕಿರ್. ಕಿರ್.

ಯಾವ ಕಾಲು? ಮಂಡಿಯೂರಿ ತಡಕಿದ. ಗೀರಿಲ್ಲ. ಬಿರುಕಿಲ್ಲ. ನಾಲ್ಕೂ ಒಂದೇ. ತಾನೇ ತಿರುಗಿಸಿ ನಿಲ್ಲಿಸಿದ್ದ, ಈಗ ತನಗೇ ಗೊತ್ತಿಲ್ಲ. ಮರ ಕೆತ್ತುವ ಬಾಚಿ ತಗೊಂಡು ಒಂದು ಕಾಲಿಗೆ ಹಾಕಿದ. ಗಟ್ಟಿ ಮರ. ಎರಡನೆಯದು. ಗಟ್ಟಿ. ಅವಳ ತುಟಿ ನೀಲಿಗಟ್ಟಿತು. ಮೂರನೆಯದು. ಗಟ್ಟಿ. ಅವಳ ಉಸಿರು ನಿಂತಂತಾಯಿತು. ನಾಲ್ಕನೆಯದು. ಮುಚ್ಚಳ ಸಿಡಿಯಿತು.

ಬಲಗೈ ತುರುಕಿದ. ಗಂಟು ಬೆಚ್ಚಗಿತ್ತು. ಎಳೆದ. ಬರಲಿಲ್ಲ. ಒಳಗಿನಿಂದ ಏನೋ ಅವನ ಬೆರಳು ಹಿಡಿದಿತ್ತು.

"ಆಕೀನ್ನ ಬಿಡು," ಅಂದ, ಯಾರಿಗೆಂದು ತಿಳಿಯದೆ. "ನನ್ನ ಹಿಡಿ. ಆಕೀನ್ನ ಬಿಡು."

ಹಿಡಿತ ಸಡಿಲವಾಯಿತು. ಗಂಟು ಕೈಗೆ ಬಂತು. ಅಂಟು ಕಾಯಿಸುವ ಒಲೆಯ ಕೆಂಡಕ್ಕೆ ಎಸೆದ. ಕಪ್ಪು ಹೊಗೆ ಎದ್ದಿತು. ಕಾಟಮ್ಮ ನೀರಿನಿಂದ ಮೇಲೆದ್ದವಳಂತೆ ಉಸಿರೆಳೆದು, ಎರಡೂ ಕೈಯಲ್ಲಿ ಹೊಟ್ಟೆ ತಬ್ಬಿಕೊಂಡಳು.

"ಒದೀತೈತ್ರಿ," ಅಂದಳು ಅಳುತ್ತ. ಅವನ ಬಲಗೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅವಳು ತನ್ನ ಕೈ ಹಿಡಿದದ್ದು ಅವನಿಗೆ ಕಣ್ಣಿಂದ ನೋಡಿದ ಮೇಲಷ್ಟೇ ಗೊತ್ತಾಯಿತು.

ಸಂಜೆ ಜುಂಜಮ್ಮ ಗಾಡಿ ತಂದಳು. ಬೊಮ್ಮಯ್ಯ ಮಂಚದ ಕೊಚ್ಚಿದ ಕಾಲುಗಳನ್ನು ತೋರಿಸಿದ. ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ಹಲಗೆಯ ಮೇಲಿಟ್ಟ. ಬೆರಳುಗಳು ಬೂದಿಬಣ್ಣಕ್ಕೆ ತಿರುಗಿದ್ದವು.

"ಮಲಗಿದಾಕಿ ನನ್ನ ಹೇಂತಿ, ಅಮ್ಮಾರ."

ಅವಳು ಆ ಕೈ ನೋಡಿದಳು. ಕಾಟಮ್ಮನ ಹೊಟ್ಟೆಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಾಡಿ ಹತ್ತಿದಳು. ಗಾಡಿ ಬರಿದೇ ಹೋಯಿತು.

ಸೋಮವಾರ ಕದರಾಚಾರಿ ಹಿಂದಿರುಗಿದ. ಅಳಿಯನ ಅಂಗೈಗೆ ಸೂಜಿ ಚುಚ್ಚಿದ. ರಕ್ತ ಬಂತು, ನೋವು ಬರಲಿಲ್ಲ. ಮುದುಕ ಗೋಡೆಗೆ ಒರಗಿ ಕುಳಿತ. ಅವನ ಕಣ್ಣಿಗೆ ಉಳಿಯ ಮೊನೆ ಕಾಣದೆ ಎರಡು ವರ್ಷವಾಗಿತ್ತು. ಕಚೇರಿಯ ಎಂಟು ಕುರ್ಚಿ ಅರ್ಧಕ್ಕೆ ನಿಂತಿದ್ದವು.

ಕಾಟಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ಆ ಮನೆಯ ಹೆಣ್ಣುಮಕ್ಕಳು ಉಳಿ ಮುಟ್ಟಿದವರಲ್ಲ. ಅವಳು ಉಳಿ ಎತ್ತಿಕೊಂಡಾಗ ಅಪ್ಪ ತಡೆಯಲು ಕೈ ಚಾಚಿದ. ಆಮೇಲೆ ಅದೇ ಕೈಯಿಂದ ಮರದ ಕೊಡತಿಯನ್ನು ಅವಳತ್ತ ಸರಿಸಿದ.

ಬೊಮ್ಮಯ್ಯ ಹಲಗೆಯ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದ. "ಓರೆ ಹಿಡಿ," ಅಂದ. "ಕೊಡತಿ ಮೆಲ್ಲಗ ಹಾಕು."

ಮೊದಲ ಏಟು ಜಾರಿತು. ಎರಡನೆಯದಕ್ಕೆ ಚಕ್ಕೆ ಎದ್ದಿತು.