ಮಾವನ ಮೀಟರು

ಇದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ. ವಿಷಯ ಅವಳ ಅಪ್ಪನದು.

ನಮ್ಮ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಮಾವ ಜೀವಮಾನವೆಲ್ಲ ದುಡಿದವರು. ಆಗ ಗೋಡೆಯ ತುಂಬ ಮುಳ್ಳಿನ ಮೀಟರುಗಳು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಮೀಟರಿನ ಗಾಜನ್ನು ಬೆರಳಿಂದ ಎರಡು ಸಲ ತಟ್ಟದೆ ಅವರು ನಂಬುತ್ತಿರಲಿಲ್ಲ. ಮುಳ್ಳು ಸಿಕ್ಕಿಕೊಂಡಿದ್ದರೆ ಬಿಡಲಿ ಅಂತ. ಅವರು ತೀರಿಕೊಂಡ ಮೇಲೆ ಕಂಪ್ಯೂಟರ್ ಪರದೆಗಳು ಬಂದವು. ಬಾಯ್ಲರಿನಿಂದ ಆ ಮೀಟರಿಗೆ ಬರುತ್ತಿದ್ದ ಕೊಳವೆಯನ್ನು ನಾನೇ ಕತ್ತರಿಸಿ, ಮೀಟರನ್ನು ಗೋಡೆಯಲ್ಲೇ ಬಿಟ್ಟೆ. ಮುಳ್ಳು ನಡುವಿನಲ್ಲೇ ನಿಂತುಬಿಟ್ಟಿತು.

ಒಂದು ಮಧ್ಯಾಹ್ನ ಬೆನ್ನ ಹಿಂದೆ ಟಕ್ ಟಕ್ ಎಂದಿತು. ಜೊತೆಗಾರನ ಕಿತಾಪತಿ ಎಂದುಕೊಂಡೆ.

"ಏನಯ್ಯಾ, ಕೈ ಸುಮ್ನಿರಲ್ವಾ?"

"ನಾನೆಲ್ಲಿ? ಲೋಟ ಹಿಡ್ಕೊಂಡು ಇಲ್ಲೇ ಕೂತಿದ್ದೀನಿ," ಎಂದ, ನನ್ನ ಪಕ್ಕದ ಕುರ್ಚಿಯಿಂದ.

ಮತ್ತೆ ಟಕ್ ಟಕ್. ತಿರುಗಿದರೆ ಮಾವನ ಮೀಟರಿನ ಮುಳ್ಳು ತಳಕ್ಕೆ ಇಳಿದಿತ್ತು. ಪರದೆ ಮಾತ್ರ ಮಟ್ಟ ಸರಿಯಿದೆ ಎನ್ನುತ್ತಿತ್ತು. ಬೆಳಗಿನಿಂದ ಅದರ ಅಂಕಿ ಒಂದಿಷ್ಟೂ ಕದಲಿಲ್ಲವೆಂದು ಆಗಲೇ ಹೊಳೆದದ್ದು.

"ಬಾಯ್ಲರ್ ಹತ್ರ ಹೋಗಿ ಕಣ್ಣಾರೆ ನೋಡು," ಎಂದು ಅವನನ್ನು ಅಟ್ಟಿದೆ.

ಫೋನಿನಲ್ಲಿ ಕಿರುಚಿದ: "ನೀರು ತಳ ಮುಟ್ಟಿದೆ! ಬೆಂಕಿ ನಿಲ್ಸು, ಬೇಗ!"

ನಿಲ್ಲಿಸಿದೆ. ತಡವಾಗಿದ್ದರೆ ಬಾಯ್ಲರ್ ಸಿಡಿಯುತ್ತಿತ್ತು; ಇಬ್ಬರೂ ಬದುಕಿಕೊಂಡೆವು.

ಸೆನ್ಸರ್ ಕೆಟ್ಟಿತ್ತು ಎಂದರು ಇಂಜಿನಿಯರು. ಒಪ್ಪಿದೆ. ಆದರೆ ಮೀಟರಿನ ಗಾಜಿನ ಧೂಳಿನ ನಡುವೆ ಬೆರಳ ತುದಿಯಷ್ಟು ಜಾಗ ಫಳಫಳ ಎನ್ನುತ್ತಿತ್ತು. ಯಾರದೋ ಕೈವಾಡವೆಂದು ಮೀಟರಿಗೆ ಬೆರಳು ತೂರದಂಥ ಜಾಲರಿ ಹಾಕಿಸಿ ಬೀಗ ಜಡಿದೆ. ಕೀಲಿ ನನ್ನ ಜೇಬಿನಲ್ಲೇ ಇದೆ.

ಈಗ ಗಾಜು ಕಾಣದಷ್ಟು ಧೂಳು ಕೂತಿದೆ, ಆ ಬೆರಳಗಲದ ಜಾಗವೊಂದನ್ನು ಬಿಟ್ಟು.